ಹಸಿರು ಹೆಪ್ಪು

ನೀರಿನ ಟ್ಯಾಂಕರ್ ಹಿಮ್ಮುಖವಾಗಿ ಗಲ್ಲಿಯೊಳಗೆ ಬರುವಾಗ ಅದರ ರಿವರ್ಸ್ ಹಾರ್ನ್ ಒಂದು ರಾಗ ಹಾಡುತ್ತದೆ. ಏಳು ಸ್ವರದ ಪುಟ್ಟ ರಾಗ, ಅದರಲ್ಲಿ ಐದನೆಯದು ಸತ್ತುಹೋಗಿದೆ. ಟೀ ಟೀ ಟೂ ಟೀ, ಆಮೇಲೊಂದು ಖಾಲಿ, ಮತ್ತೆ ಟೂ ಟೀ. ಸುಬ್ರಹ್ಮಣ್ಯಪುರದ ಆ ಗಲ್ಲಿಯಲ್ಲಿ ಎಲ್ಲರಿಗೂ ಅದು ನೀರು ಬಂತೆಂಬ ಸುದ್ದಿ. ಮೂರನೆಯ ಮಹಡಿಯ ಮೇಲೆ ತಾರಸಿಯ ಒಂಟಿ ಕೋಣೆಯಲ್ಲಿರುವ ಲತಾಮಣಿಗೆ ಮಾತ್ರ ಆ ಖಾಲಿಯೇ ಮೊದಲು ಕೇಳಿಸುತ್ತದೆ. ಕುಲುಕಾಟಕ್ಕೆ ಒಳಗೆಲ್ಲೋ ತಾಮ್ರದ ಎಳೆಯೊಂದು ಬಿರುಕು ಬಿಟ್ಟಿರಬೇಕು, ಹತ್ತು ನಿಮಿಷದ ಕೆಲಸ, ಡ್ರೈವರಿಗೆ ಹೇಳಬೇಕು ಎಂದು ಮೂರು ವರ್ಷದಿಂದ ಅಂದುಕೊಳ್ಳುತ್ತಾಳೆ. ಅವಳು ಅಷ್ಟೂ ಮೆಟ್ಟಿಲಿಳಿದು ಕೆಳಗೆ ಬರುವ ಹೊತ್ತಿಗೆ ಟ್ಯಾಂಕರ್ ಹೋಗಿರುತ್ತದೆ.

ಅವಳ ಕಸುಬೇ ಅದು. ಸ್ಟೆಬಿಲೈಸರಿನೊಳಗೆ, ರೇಡಿಯೋದೊಳಗೆ, ಲಿಫ್ಟಿನ ಗುಂಡಿಗಳ ಹಿಂದೆ ಕೂತಿರುವ ಸರ್ಕ್ಯೂಟ್ ಬೋರ್ಡುಗಳನ್ನು ಮನೆಯಲ್ಲೇ, ಒಂದೊಂದಾಗಿ, ಕೈಯಿಂದ ಮಾಡುತ್ತಾಳೆ. ತಾಮ್ರದ ತೆಳು ಹಾಳೆ ಅಂಟಿಸಿದ ಹಲಗೆಯ ಮೇಲೆ ಬೇಕಾದ ದಾರಿಗಳನ್ನೆಲ್ಲ ಕಪ್ಪು ಶಾಯಿಯಲ್ಲಿ ಮೂಡಿಸುವುದು, ಆಮೇಲೆ ಹಲಗೆಯನ್ನು ದ್ರಾವಣದಲ್ಲಿ ಮುಳುಗಿಸುವುದು. ಶಾಯಿ ಇಲ್ಲದ ಕಡೆಯ ತಾಮ್ರವನ್ನೆಲ್ಲ ದ್ರಾವಣ ತಿಂದುಹಾಕುತ್ತದೆ. ಶಾಯಿಯ ಅಡಿಯಲ್ಲಿದ್ದದ್ದು ದಾರಿಯಾಗಿ ಉಳಿಯುತ್ತದೆ, ಮುಂದೆ ಆ ದಾರಿಯಲ್ಲೇ ಕರೆಂಟು ಓಡಾಡುತ್ತದೆ. ಹಳೆಯ ಯಂತ್ರಗಳನ್ನು ರಿಪೇರಿ ಮಾಡುವ ಮೂರು ನಾಲ್ಕು ಅಂಗಡಿಗಳು, ಒಬ್ಬ ಲಿಫ್ಟ್ ಮೆಕ್ಯಾನಿಕ್, ಮೊದಮೊದಲು ಪ್ರಾಜೆಕ್ಟಿನ ಕಾಲಕ್ಕೆ ಓಡಿ ಬರುತ್ತಿದ್ದ ಕಾಲೇಜು ಹುಡುಗಿಯರು, ಇವರೇ ಅವಳ ಗಿರಾಕಿಗಳು. ಈಗ ಆ ಹುಡುಗಿಯರು ಫೋನಿನಲ್ಲೇ ಚಿತ್ರ ಕಳಿಸಿ ಚೀನಾದಿಂದ ತರಿಸಿಕೊಳ್ಳುತ್ತಾರೆ. ವಾರಕ್ಕೆಲ್ಲ ಮನೆ ಬಾಗಿಲಿಗೆ ಬರುತ್ತದೆ, ಅಂಚು ಎಷ್ಟು ನಯ ಎಂದರೆ ಬೆರಳು ತಡವುವುದೇ ಇಲ್ಲ. ಲತಾಮಣಿಯೇ ಒಂದನ್ನು ಕೈಯಲ್ಲಿ ಹಿಡಿದು ನೋಡಿ, ಚೆನ್ನಾಗಿದೆ ಎಂದಿದ್ದಳು.

ಅವಳ ಹತ್ತಿರ ಇರುವ ಬೆಲೆಬಾಳುವ ವಸ್ತು ಒಂದೇ. ತಾರಸಿಯ ಮೂಲೆಯಲ್ಲಿ, ಸಿಮೆಂಟ್ ಶೀಟಿನ ನೆರಳಲ್ಲಿ, ಉದ್ದನೆಯ ಪ್ಲಾಸ್ಟಿಕ್ ಡಬ್ಬವೊಂದರಲ್ಲಿ ಐದು ಲೀಟರಿನಷ್ಟು ಹಸಿರು ದ್ರಾವಣ. ಬೇರೆಯವರು ಬಳಸುವ ಕಂದು ಪುಡಿಯ ನೀರು ನಾಲ್ಕಾರು ಸಲಕ್ಕೆ ಸತ್ತುಹೋಗುತ್ತದೆ, ತಾಗಿದಲ್ಲೆಲ್ಲ ಹೋಗದ ಕಲೆ. ಇದು ಹಾಗಲ್ಲ. ಬಚ್ಚಲು ತೊಳೆಯುವ ಆಸಿಡ್, ಗಾಯ ತೊಳೆಯುವ ಪೆರಾಕ್ಸೈಡ್, ಒಂದಿಷ್ಟು ತಾಮ್ರದ ಚೂರು, ಇಷ್ಟರಿಂದ ಹುಟ್ಟಿದ್ದು. ಆಮೇಲೆ ತಾಮ್ರವನ್ನೇ ತಿಂದು ತಾಮ್ರದಿಂದಲೇ ಬೆಳೆಯುತ್ತದೆ. ದಣಿದಾಗ ಕಂದಾಗುತ್ತದೆ. ಮೀನಿನ ತೊಟ್ಟಿಗೆ ಹಾಕುವ ಪುಟ್ಟ ಪಂಪಿನಿಂದ ಗಾಳಿ ಊದಿ, ಆಗೀಗ ಒಂದಿಷ್ಟು ಆಸಿಡ್ ಕೊಟ್ಟರೆ ಮತ್ತೆ ಹಸಿರಾಗುತ್ತದೆ. ನೋಡಿಕೊಳ್ಳುವವರಿದ್ದರೆ ಅದಕ್ಕೆ ಸಾವೆಂಬುದೇ ಇಲ್ಲ.

ಈ ಮಾತು ಅವಳದ್ದಲ್ಲ, ಶಿವರಾಮ್ ಹೇಳಿದ್ದು.

ಲತಾಮಣಿ ಮಧುಗಿರಿಯ ಕಡೆಯವಳು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ಇಪ್ಪತ್ತನಾಲ್ಕು ವರ್ಷಕ್ಕೆ ಜೆ.ಪಿ. ನಗರದ ಕೈಗಾರಿಕಾ ಬಡಾವಣೆಯ ಒಂದು ಸಣ್ಣ ಯೂನಿಟ್ಟಿಗೆ ಸೇರಿದಳು. ಐದೇ ಜನ. ಬೋರ್ಡಿನ ನಕ್ಷೆ ಬಿಡಿಸುವುದು, ತೂತು ಕೊರೆಯುವುದು ಅವಳ ಕೆಲಸ, ದ್ರಾವಣದ ಕೆಲಸ ಶಿವರಾಮ್‌ದು. ಅವಳಿಗಿಂತ ಆರು ವರ್ಷ ದೊಡ್ಡವರು, ಮದುವೆಯಾಗಿರಲಿಲ್ಲ. ತಾಯಿಯ ಜೊತೆ ಗೊಟ್ಟಿಗೆರೆಯಲ್ಲಿ ಇದ್ದರು. ಸಂಜೆ ಮನೆಗೆ ಹೋಗುವ ಮೊದಲು ತೊಟ್ಟಿಯ ಮುಂದೆ ನಿಂತು, ಹಳೆಯ ದ್ರಾವಣ ಒಂದು ಮಗ್ಗಿನಷ್ಟು ತೆಗೆದು ಬೇರೆ ಇಡುತ್ತಿದ್ದರು. “ನಾಳೆಗೆ ಹೆಪ್ಪು ಬೇಕಲ್ರೀ” ಎನ್ನುತ್ತಿದ್ದರು. ಹೊಸದಾಗಿ ಕಲಸಿದ್ದು ಎಷ್ಟೇ ಚುರುಕಾಗಿದ್ದರೂ ಹಳೆಯದರ ಒಂದು ಮಗ್ಗು ಬೀಳದೆ ಅದಕ್ಕೆ ಸಮಾಧಾನ ಬರುವುದಿಲ್ಲ ಎಂಬುದು ಅವರ ನಂಬಿಕೆ. ಯೂನಿಟ್ಟಿನವರೆಲ್ಲ ಅದನ್ನು ಹೆಪ್ಪು ಎಂದೇ ಕರೆಯತೊಡಗಿದರು. ಅಂಗಡಿಯಿಂದ ಬಂದ ಬಿಲ್ಲಿನಲ್ಲಿ ಏನೇ ಹೆಸರಿದ್ದರೂ ಬಾಯಲ್ಲಿ ಹೆಪ್ಪು. ಒಮ್ಮೆ ಪಕ್ಕದ ಶೆಡ್ಡಿನವನು ಮಬ್ಬುಗತ್ತಲಲ್ಲಿ ಒಂದು ಬಾಟಲಿ ಕೇಳಿಕೊಂಡು ಬಂದಾಗ ಶಿವರಾಮ್ ಗಂಭೀರವಾಗಿ, “ದೀಪ ಹಚ್ಚಿದ್ಮೇಲೆ ಹೆಪ್ಪು ಕೊಡಬಾರ್ದು ಗುರು, ನಮ್ಮಮ್ಮ ಬೈತಾರೆ” ಎಂದು ಹಿಂದಕ್ಕೆ ಕಳಿಸಿದ್ದರು.

ಆ ಅಮ್ಮ ಬಸವಲಿಂಗಮ್ಮ. ಅವರ ಮನೆಯ ಮೊಸರು ಶಿವರಾಮ್‌ರ ಊಟದ ಡಬ್ಬಿಯಲ್ಲಿ ಬರುತ್ತಿತ್ತು, ಚಮಚ ನೆಟ್ಟರೆ ನಿಲ್ಲುವಷ್ಟು ಗಟ್ಟಿ. ತವರಿನಿಂದ ಬಂದ ಹೆಪ್ಪಂತೆ, ಮದುವೆಯಾಗಿ ಬರುವಾಗ ತಂದದ್ದಂತೆ. ಲತಾಮಣಿಗೆ ಇಷ್ಟವೆಂದು ತಿಳಿದು ಒಂದು ದಿನ ಗೇಣುದ್ದದ ಸ್ಟೀಲ್ ಡಬ್ಬಿಯಲ್ಲಿ ಆ ಹೆಪ್ಪನ್ನೂ ಕೊಟ್ಟು ಕಳಿಸಿದ್ದರು. ಅವಳು ಆಗ ಹಾಸ್ಟೆಲ್ ಬಿಟ್ಟು ಬಾಡಿಗೆ ಕೋಣೆಗೆ ಬಂದಿದ್ದಳು. ದಿನಾ ಅರ್ಧ ಲೀಟರ್ ಹಾಲು, ದಿನಾ ಅದೇ ಹೆಪ್ಪು.

ಯೂನಿಟ್ಟು ಮುಚ್ಚಿ ಹತ್ತು ವರ್ಷವಾಯಿತು. ಕೊನೆಯ ದಿನ ಯಜಮಾನರು ಕೊರೆಯುವ ಯಂತ್ರವನ್ನು ಮಾರಿದರು, ಮೇಜು ಕುರ್ಚಿ ಮಾರಿದರು. ತೊಟ್ಟಿಯ ಹಸಿರು ನೀರನ್ನು ಕೊಳ್ಳುವವರಿರಲಿಲ್ಲ, ಚರಂಡಿಗೆ ಬಿಡುವಂತೆಯೂ ಇರಲಿಲ್ಲ. ಅದರಲ್ಲಿರುವ ತಾಮ್ರ ಕೆರೆಯ ಮೀನಿಗೂ ಗಿಡಕ್ಕೂ ವಿಷ. ಶಿವರಾಮ್ ಎರಡು ಕ್ಯಾನ್ ತಂದು ಅಳೆದು ಸಮಸಮ ಹಂಚಿದರು. ಒಂದು ಅವರಿಗೆ, ಒಂದು ಇವಳಿಗೆ. “ಮನೆ ಪಾಲಾಯ್ತು ನೋಡ್ರೀ” ಎಂದು ನಕ್ಕರು. ಅವಳೂ ನಕ್ಕಳು. ಇನ್ನೇನೋ ಹೇಳುತ್ತಾರೆಂದು ಬಸ್‌ಸ್ಟಾಪಿನವರೆಗೂ ಕಾದಳು. ಬಸ್ಸು ಬಂತು.

ಮೊದಲ ವರ್ಷ ನಾಲ್ಕು ಸಲ ಫೋನು. ಆಮೇಲೆ ಯುಗಾದಿಗೆ ಒಂದು. ಆಮೇಲೆ ಯುಗಾದಿಗೂ ಹೂವಿನ ಚಿತ್ರವಿರುವ ಒಂದು ಮೆಸೇಜು, ಎಲ್ಲರಿಗೂ ಹೋಗುವಂಥದ್ದು. ಸುಬ್ರಹ್ಮಣ್ಯಪುರದಿಂದ ಗೊಟ್ಟಿಗೆರೆಗೆ ಮಹಾ ಎಂದರೆ ಒಂದು ಗಂಟೆ. ಅಷ್ಟು ಹತ್ತಿರದಲ್ಲಿದ್ದವರು ಯಾವಾಗ ಬೇಕಾದರೂ ಸಿಗಬಹುದು, ಆದ್ದರಿಂದಲೇ ಸಿಗಲಿಲ್ಲ. ಲತಾಮಣಿ ಮಾತ್ರ ದಿನಾ ಬೆಳಿಗ್ಗೆ ಪಂಪ್ ಹಾಕುವಾಗ, ಆ ಗುಳುಗುಳು ಶುರುವಾಗುವಾಗ, ಗೊಟ್ಟಿಗೆರೆಯಲ್ಲೂ ಈಗ ಇದೇ ಸದ್ದು ಇರುತ್ತದೆ ಎಂದುಕೊಳ್ಳುತ್ತಿದ್ದಳು. ಅದೊಂದು ಮಾತುಕತೆಯ ಹಾಗೆ ಇತ್ತು. ಬೇರೆ ಮಾತುಕತೆ ಇಲ್ಲದ ದಿನಗಳಲ್ಲಿ ಅದು ಸಾಕಾಗುತ್ತಿತ್ತು ಕೂಡ.

ಕಳೆದ ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಫೋನು ಬಂತು. ಹೆಸರು ನೋಡಿ, ಒಮ್ಮೆ ಗಂಟಲು ಸರಿಮಾಡಿಕೊಂಡು ಎತ್ತಿದಳು.

“ಲತಾಮಣಿ ಅವ್ರಾ? ನಾನು ಶಿವರಾಮ್.”

“ಗೊತ್ತಾಯ್ತು, ಹೇಳಿ.”

“ನಮ್ಮನೆ ಹೆಪ್ಪು ಹೋಯ್ತು ಕಣ್ರೀ.”

“ಹೋಯ್ತಾ! ಹೇಗೆ?”

“ತೊಳೆದುಬಿಟ್ರು. ಬಂದೋರಿಗೇನ್ ಗೊತ್ತು ಪಾಪ. ನಾನ್ ಹೇಳ್ಬೇಕಿತ್ತು, ಹೇಳ್ಲಿಲ್ಲ. ನಿಮ್ಮ ಹತ್ರ ಇದ್ಯಾ ಇನ್ನೂ?”

“ಇದೆ.”

“ಅದೇನಾ? ಆವತ್ತಿನ್ದೇ?”

“ಅದೇ. ಬೇರೆ ಎಲ್ಲಿಂದ ಬರತ್ತೆ?”

“ಇಷ್ಟು ವರ್ಷ ಉಳಿಸ್ಕೊಂಡಿದ್ದೀರಲ್ರೀ” ಎಂದರು ಶಿವರಾಮ್. ಧ್ವನಿ ತೆಳ್ಳಗಾಗಿತ್ತು. “ಒಂಚೂರು ಕೊಟ್ರೆ ಸಾಕು. ನಾನೇ ಬರ್ತೀನಿ.”

“ಒಂಚೂರ್ ಯಾಕೆ, ಒಂದ್ ಲೀಟರ್ ಕೊಡ್ತೀನಿ.”

“ಲೀಟರ್‌ಗಟ್ಲೆ ಹೆಪ್ಪು ಯಾರಾದ್ರೂ ಕೊಡ್ತಾರೇನ್ರೀ!” ಶಿವರಾಮ್ ನಕ್ಕರು, ಅದೇ ಹಳೆಯ ನಗು.

“ನೀವ್ ಬರ್ಬೇಡಿ, ಬಸ್ಸಲ್ಲಿ ಚೆಲ್ಕೋತೀರಾ. ನಾನೇ ತರ್ತೀನಿ ನಾಳೆ.”

“ದೀಪ ಹಚ್ಚೋದ್ರೊಳಗೆ ಬನ್ನಿ ಮತ್ತೆ.”

ಫೋನಿಟ್ಟ ಮೇಲೆ, ಬಸವಲಿಂಗಮ್ಮ ಹೇಗಿದ್ದಾರೆಂದು ಕೇಳಲೇ ಇಲ್ಲವಲ್ಲ ಎಂದು ನೆನಪಾಯಿತು. ಮತ್ತೆ ಫೋನ್ ಮಾಡಲು ನಾಚಿಕೆಯಾಯಿತು.

ಮಾಡುವ ಕೆಲಸವಿತ್ತು. ಇದೆ ಎಂದಳಲ್ಲ, ಡಬ್ಬದ ಮುಚ್ಚಳ ತೆಗೆದರೆ ದ್ರಾವಣ ಡಿಕಾಕ್ಷನ್ನಿನ ಹಾಗೆ ಕಪ್ಪಗೆ ಕೂತಿತ್ತು. ಎರಡು ತಿಂಗಳಿಂದ ಒಂದೂ ಆರ್ಡರ್ ಇರಲಿಲ್ಲ. ಎರಡು ವಾರದಿಂದ ಪಂಪನ್ನೂ ಹಾಕಿರಲಿಲ್ಲ. ಯಾರಿಗಾಗಿ ಎನ್ನಿಸಿತ್ತು.

ಸತ್ತಿರಲಿಲ್ಲ, ದಣಿದಿತ್ತು ಅಷ್ಟೆ. ಆದರೆ ಅವಳನ್ನು ಕಾಡಿದ್ದು ಬೇರೆ. ಹೊಸ ದ್ರಾವಣ ಮಾಡಲು ಒಂದು ಗಂಟೆ ಸಾಕು. ಆಸಿಡ್, ಪೆರಾಕ್ಸೈಡ್, ಎರಡು ಹಿಡಿ ತಾಮ್ರದ ತಂತಿ. ಅವಳಿಗೆ ಹೇಳಿಕೊಟ್ಟವರೇ ಶಿವರಾಮ್. ಹಳೆಯದು ಬೇಕೇಬೇಕು ಎಂಬುದು ಯೂನಿಟ್ಟಿನ ತಮಾಷೆ, ಅರ್ಧ ನಂಬಿಕೆ. ಅದಕ್ಕಾಗಿ ಹತ್ತು ವರ್ಷದ ಮೇಲೆ ಯಾರೂ ಫೋನ್ ಮಾಡುವುದಿಲ್ಲ. ಹಾಗಾದರೆ ಅವರು ಕೇಳಿದ್ದು ಏನನ್ನು? ಲತಾಮಣಿ ಆ ಯೋಚನೆಯನ್ನು ಅಲ್ಲಿಗೇ ನಿಲ್ಲಿಸಿ ಹಾರ್ಡ್‌ವೇರ್ ಅಂಗಡಿಗೆ ಹೋದಳು.

ಅಂಗಡಿಯ ದಿನೇಶ ಅವಳನ್ನು ಕಂಡೊಡನೆ ರಿಜಿಸ್ಟರ್ ತೆಗೆದ. “ಆಸಿಡ್ ತಾನೆ? ಆಧಾರ್ ತಂದಿದ್ದೀರಾ ಅಕ್ಕ?”

“ಎಂಟ್ ವರ್ಷದಿಂದ ನೋಡ್ತಿದ್ದೀಯಲ್ಲೋ ನನ್ನ.”

“ನಾನ್ ನಿಮ್ಮುನ್ನ ನೋಡ್ತೀನಿ, ಪೊಲೀಸ್ನೋರು ಬುಕ್ ನೋಡ್ತಾರೆ. ಕಾರಣ ಏನ್ ಬರೀಲಿ?”

“ಯಾವಾಗ್ಲೂ ಏನ್ ಬರೀತೀಯೋ ಅದೇ.”

“ಬಾತ್‌ರೂಮ್ ತೊಳೆಯೋಕೆ.” ಬರೆಯುತ್ತಲೇ ತಲೆಯಾಡಿಸಿದ. “ಅಲ್ಲಾ, ನಿಮ್ದು ಬಾತ್‌ರೂಮಾ, ಅರಮನೇನಾ?”

“ನಾಳೆ ಒಬ್ರ ಮನೆಗೆ ತಗೊಂಡ್ ಹೋಗ್ಬೇಕು.”

“ಅಕ್ಕಾ!” ದಿನೇಶ ಅತ್ತಿತ್ತ ನೋಡಿ ಧ್ವನಿ ತಗ್ಗಿಸಿದ. “ಆಸಿಡ್ ಕೊಂಡು ಈ ಮಾತ್ ಜೋರಾಗ್ ಆಡ್ಬೇಡಿ, ನನ್ ಲೈಸೆನ್ಸ್ ಹೋಗತ್ತೆ.”

ಅವಳಿಗೆ ದಾರಿಯುದ್ದಕ್ಕೂ ನಗು. ಕೈಗವಸು, ಕನ್ನಡಕ ಹಾಕಿಕೊಂಡು, ಗಾಳಿ ಬರುವ ದಿಕ್ಕಿಗೆ ಬೆನ್ನು ಮಾಡಿ ನಿಂತು, ದ್ರಾವಣಕ್ಕೆ ಆಸಿಡ್ಡನ್ನು ನಿಧಾನವಾಗಿ ಹನಿಸಿದಳು. ಪಂಪ್ ಹಾಕಿದಳು. ಪೆರಾಕ್ಸೈಡ್ ಸುರಿದರೆ ಐದು ನಿಮಿಷಕ್ಕೆ ಹಸಿರಾಗುತ್ತಿತ್ತು. ಆದರೆ ಅದು ಸುಳ್ಳು ಹುರುಪು, ಗಾಳಿಗೆ ಬಿಡಬೇಕು, ತಾನಾಗಿ ತಿರುಗಬೇಕು ಎಂದು ಶಿವರಾಮ್ ಹೇಳುತ್ತಿದ್ದರು. ಗಾಳಿಗೇ ಬಿಟ್ಟಳು. ಡಬ್ಬದಿಂದ ದೂರ, ಬಾಗಿಲ ಹೊಸ್ತಿಲ ಮೇಲೆ ಕೂತು ಬಣ್ಣ ಕಾದಳು. ಮಧ್ಯಾಹ್ನದ ಹೊತ್ತಿಗೆ ಕಪ್ಪು ಹೋಗಿ ಕಂದು, ಬಿಸಿಲು ಜಾರುವಾಗ ಪಾಚಿ, ನಾಲ್ಕೂವರೆಗೆ ಅಂಚಿನಲ್ಲಿ ಮೊದಲ ಹಸಿರೆಳೆ.

ಮನೆಯೊಡತಿ ಮುನಿಲಕ್ಷ್ಮಮ್ಮ ಒಣಗಿದ ಬಟ್ಟೆ ತೆಗೆಯಲು ಮೇಲೆ ಬಂದರು. ಈ ಮನೆಯಿರುವ ಜಾಗದಲ್ಲಿ ಒಂದು ಕಾಲಕ್ಕೆ ಅವರ ರಾಗಿ ಹೊಲವಿತ್ತು. ಈಗ ಅವರು ಹೊಲ ನೋಡುವ ಕಣ್ಣಿನಲ್ಲೇ ಬಾಡಿಗೆದಾರರನ್ನು ನೋಡುತ್ತಾರೆ.

“ನೋಡು, ನಿನ್ ಪಚ್ಚೆ ನೀರಿನ್ ದೆಸೆಯಿಂದ ಬಟ್ಟೆ ತಂತಿಯೆಲ್ಲ ತುಕ್ಕು. ನಮ್ ಮಗ ಬೈರಣ್ಣನ ಬಿಳಿ ಪಂಚೆ ಮೇಲೆ ಗೆರೆ ಬಿದ್ದು ಪಟ್ಟೆ ಹುಲಿ ಆಗೋಗವ್ನೆ.”

“ಹೊಸ ತಂತಿ ಕಟ್ಟಿಸ್ತೀನಿ ಆಂಟಿ. ಪ್ಲಾಸ್ಟಿಕ್‌ದು.”

“ಕಟ್ಟಿಸ್ದೆ, ಬಿಡು. ಅದೇನು, ಬೆಳಿಗ್ಗೆಯಿಂದ ಮಗಾ ಕಾಯ್ದಂಗೆ ಕಾಯ್ತಾ ಕೂತಿದ್ದೀಯಲ್ಲ?”

“ಯೂನಿಟ್‌ನಲ್ಲಿ ಒಬ್ರು ಇದ್ರು, ಶಿವರಾಮ್ ಅಂತ. ಅವರಿಗೆ ಬೇಕಂತೆ. ನಾಳೆ ಹೋಗಿ ಕೊಟ್ಟು ಬರ್ಬೇಕು.”

“ಮದ್ವೆ ಆಗೈತಾ?”

“ಇಲ್ಲ ಆಂಟಿ.”

“ನೀರೇ ಕೇಳಿದ್ನಾ, ಇನ್ನೇನಾದ್ರೂ ಕೇಳಿದ್ನಾ?”

“ಆಂಟಿ, ಬಟ್ಟೆ ತಗೊಳ್ಳಿ, ಮಂಜು ಬೀಳತ್ತೆ.”

ಮುನಿಲಕ್ಷ್ಮಮ್ಮ ಮೆಟ್ಟಿಲಿಳಿಯುತ್ತ ನಗುತ್ತಿದ್ದದ್ದು ಎರಡನೆಯ ಮಹಡಿಯವರೆಗೂ ಕೇಳಿಸಿತು.

ಶುಕ್ರವಾರ ಬೆಳಿಗ್ಗೆ ದ್ರಾವಣ ಪೂರ್ತಿ ತಿರುಗಿತ್ತು. ಬಿಸಿಲಿಗೆ ಹಿಡಿದರೆ ಬಾಳೆಯ ಸುಳಿಯ ಬಣ್ಣ, ತಳದವರೆಗೂ ಕಾಣುತ್ತದೆ. ಅವಳು ಉಳಿದಿದ್ದ ಹಲಗೆಯ ಚೂರೊಂದನ್ನು ಉಜ್ಜಿ, ಶಾಯಿಯಲ್ಲಿ ಎರಡು ಗೆರೆ ಎಳೆದು ಮುಳುಗಿಸಿದಳು. ಗಡಿಯಾರ ನೋಡಿದಳು. ಒಂಬತ್ತು ನಿಮಿಷಕ್ಕೆ ತಾಮ್ರ ಅಂಚಿನಿಂದ ಕರಗುತ್ತಾ ಬಂದು ಗೆರೆಗಳೆರಡೇ ನಿಂತವು. ಯೂನಿಟ್ಟಿನ ದಿನಗಳಲ್ಲಿ ಹತ್ತು ನಿಮಿಷ ಹಿಡಿಯುತ್ತಿತ್ತು. ಇದನ್ನು ಶಿವರಾಮ್‌ಗೆ ಹೇಳಬೇಕು ಎಂದುಕೊಂಡಳು. ಬಟ್ಟೆಯಲ್ಲಿ ಸೋಸಿ, ಲೀಟರ್ ಕ್ಯಾನಿಗೆ ತುಂಬಿ, ಉಸಿರಾಡಲು ಮುಚ್ಚಳದಲ್ಲಿ ಸೂಜಿಯಷ್ಟು ತೂತು ಬಿಟ್ಟು, ಕ್ಯಾನನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನಿಲ್ಲಿಸಿದಳು. ಆಸಿಡ್ ಹನಿಯ ತೂತಿಲ್ಲದ ಸೀರೆ ಹುಡುಕಲು ಅರ್ಧ ಗಂಟೆಯಾಯಿತು.

ಸಂಜೆ ನಾಲ್ಕಕ್ಕೆ ಹಿಡಿದ ಆಟೋದವನು ಕನ್ನಡಿಯಲ್ಲಿ ಎರಡು ಸಲ ನೋಡಿ, “ಏನ್ ಮೇಡಂ ಅದು, ಖಸ್ ಶರಬತ್ತಾ?” ಎಂದ.

“ಅಲ್ಲ, ಹೆಪ್ಪು.”

“ಹಸಿರು ಹಸುವಿನ್ದಾ?” ಎಂದು ಅವನೇ ಜೋರಾಗಿ ನಕ್ಕ. ಕೋಣನಕುಂಟೆ ಕ್ರಾಸ್ ದಾಟಿ, ಬನ್ನೇರುಘಟ್ಟ ರಸ್ತೆಯ ಗದ್ದಲ ಸೇರಿ, ಗೊಟ್ಟಿಗೆರೆ ತಲುಪುವವರೆಗೂ ಅವಳು ಬಕೆಟ್ಟನ್ನು ಎರಡು ಪಾದಗಳ ನಡುವೆ ಒತ್ತಿ ಹಿಡಿದಿದ್ದಳು.

ಮೊದಲ ಮಹಡಿಯ ಎರಡು ಕೋಣೆಯ ಮನೆ. ಶಿವರಾಮ್ ಬಾಗಿಲಲ್ಲೇ ನಿಂತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಅಂಗಿ ಭುಜದ ಮೇಲೆ ಸಡಿಲವಾಗಿ ನೇತಾಡುತ್ತಿತ್ತು. “ಬನ್ನಿ ಬನ್ನಿ, ಬೆಳಕಿದ್ದಾಗ್ಲೇ ಬಂದ್ರಿ” ಎಂದು ಒಳಗೆ ಕರೆದರು. ಚಪ್ಪಲಿ ಬಿಟ್ಟು ತಲೆಯೆತ್ತಿದರೆ ಎದುರಿನ ಗೋಡೆಯಲ್ಲಿ ಬಸವಲಿಂಗಮ್ಮ. ಗಂಧದ ಹಾರ, ಗಾಜಿನ ಮೇಲೆ ಮೂರು ಬೆರಳ ವಿಭೂತಿ.

“ಅಯ್ಯೋ. ಯಾವಾಗ?”

“ಒಂದೂವರೆ ತಿಂಗಳಾಯ್ತು.”

“ಒಂದ್ ಮಾತು ಹೇಳ್ಬಾರ್ದಿತ್ತಾ ಶಿವರಾಮ್?”

“ಹೇಳೋ ಕೆಲಸನೆಲ್ಲ ಚಿಕ್ಕಪ್ಪನ ಮಕ್ಕಳೇ ಮಾಡಿದ್ರು. ಅವರಿಗೆ ನೀವು ಯಾರು ಅಂತ ಗೊತ್ತಿಲ್ಲವಲ್ಲ.”

ಲತಾಮಣಿ ಕೂತಳು. ಮೇಜಿನ ಮೇಲೆ ತೊಳೆದು ಒರೆಸಿದ ಸ್ಟೀಲ್ ಡಬ್ಬಿಯೊಂದು, ಪಕ್ಕದಲ್ಲಿ ಒಂದು ಚಮಚ. ಒಳಗೆ ಅಡುಗೆಮನೆಯಿಂದ ಕಾದ ಹಾಲಿನ ವಾಸನೆ ಬರುತ್ತಿತ್ತು. ಅವಳು ಬಕೆಟ್ಟಿನಿಂದ ಕ್ಯಾನನ್ನು ಎತ್ತಿ ಡಬ್ಬಿಯ ಪಕ್ಕದಲ್ಲಿಟ್ಟಳು. ಕಿಟಕಿಯ ಬೆಳಕು ಅದರೊಳಗೆ ಹೊಕ್ಕು, ಮೇಜಿನ ಮೇಲೆ ಹಸಿರು ನೆರಳು ಬಿತ್ತು.

ಶಿವರಾಮ್ ಕ್ಯಾನನ್ನು ನೋಡಿದರು. ಅವಳನ್ನು ನೋಡಿದರು. “ಇದು?”

“ಹೆಪ್ಪು. ಒಂಬತ್ತೇ ನಿಮಿಷಕ್ಕೆ ತಿನ್ನತ್ತೆ ಈಗ.”

ಶಿವರಾಮ್ ನಗಲು ಶುರುಮಾಡಿದರು. ಕೆಮ್ಮಿನ ಹಾಗೆ ಬಂತು ನಗು, ನಿಲ್ಲಲೇ ಇಲ್ಲ. ಕುರ್ಚಿಯ ಬೆನ್ನು ಹಿಡಿದುಕೊಂಡರು, ಕನ್ನಡಕ ತೆಗೆದರು. “ಅಯ್ಯೋ ಶಿವನೇ. ನಾನ್ ಕೇಳಿದ್ದು ಅಮ್ಮನ ಹೆಪ್ಪು ಕಣ್ರೀ. ಮೊಸರು.” ನಗು ನಿಂತ ಮೇಲೆ ಕನ್ನಡಕ ಒರೆಸುತ್ತಲೇ ಇದ್ದರು. “ಹನ್ನೊಂದನೇ ದಿನ ಮನೆ ತೊಳೆಯೋಕೆ ಬಂದೋರು ಎಲ್ಲಾ ಪಾತ್ರೆ ತೊಳೆದಿಟ್ರು. ಒಳ್ಳೇ ಮನಸ್ಸಿಂದಾನೇ ತೊಳೆದಿದ್ದು. ಮೊಸರಿನ ಪಾತ್ರೇನೂ. ಮಾರನೇ ದಿನ ಹಾಲು ಕಾಯಿಸಿ ಹೆಪ್ಪು ಹಾಕೋಣ ಅಂತ ತೆಗೀತೀನಿ, ಫಳಫಳ ಅಂತಿದೆ. ಅರವತ್ತು ವರ್ಷ ನಡೆದಿದ್ದು. ಎಲ್ಲಾ ಕಡೆ ಕೇಳಿದೆ. ಅಮ್ಮ ಕೊಟ್ಟೋರೆಲ್ಲ ಈಗ ಪ್ಯಾಕೆಟ್ ಮೊಸರು ತಿಂತಾರೆ. ಆಮೇಲೆ ನಿಮ್ ನೆನಪಾಯ್ತು. ಇದೆ ಅಂದ್ರಲ್ಲ ನೀವು, ನಿನ್ನೆ ನನಗೆ ಊಟ ಸೇರ್ತು.”

“ನಿಮ್ಮ ಪಾಲಿನ ಹಸಿರು?” ಎಂದಳು ಲತಾಮಣಿ.

“ಅದಾ? ಅದನ್ನ ಆಗ್ಲೇ ಬಿಟ್ಟೆ. ಎಂಟ್ ವರ್ಷ ಆಗಿರ್ಬೇಕು. ಕೆಮಿಕಲ್ ತಗೊಂಡು ಹೋಗೋ ಗಾಡಿಯವರಿಗೆ ಕೊಟ್ಟೆ. ನೀವಿನ್ನೂ ಅದನ್ನ ಮಾಡ್ತಿದ್ದೀರಾ!”

ಎಂಟು ವರ್ಷ. ಅಷ್ಟು ಬೆಳಗಿನ ಗುಳುಗುಳು.

“ಹೋಗ್ಲಿ ಬಿಡಿ, ನಾನು ಸರಿಯಾಗಿ ಹೇಳ್ಬೇಕಿತ್ತು” ಎಂದರು ಶಿವರಾಮ್. “ಮೊಸರು ಮನೇಲಿದೆ ತಾನೆ?”

ಬಸವಲಿಂಗಮ್ಮ ಕೊಟ್ಟ ಹೆಪ್ಪು ಹೋಗಿ ಒಂಬತ್ತು ವರ್ಷ. ಅವಳ ಅಪ್ಪ ತೀರಿಕೊಂಡಾಗ ಮಧುಗಿರಿಗೆ ಹೋಗಿ ಹದಿನಾಲ್ಕು ದಿನ ಬಿಟ್ಟು ಬಂದಳು. ಕೋಣೆಯ ಬಾಗಿಲು ತೆಗೆದರೆ ಪಾತ್ರೆಯಲ್ಲಿ ಕಪ್ಪು ಬೂಷ್ಟು. ಮೂಗು ಮುಚ್ಚಿಕೊಂಡು ಚೆಲ್ಲಿ, ಅಂಗಡಿಯಿಂದ ಪ್ಯಾಕೆಟ್ ತಂದಳು. ಹಸಿರು ಡಬ್ಬ ಹೇಗಿದೆಯೋ ಎಂಬ ಆತಂಕದಲ್ಲಿ ಪಾತ್ರೆಯ ಬಗ್ಗೆ ಅವಳಿಗೆ ಬೇಸರವಾಗಲೂ ಪುರಸೊತ್ತಿರಲಿಲ್ಲ. ಡಬ್ಬ ಚೆನ್ನಾಗಿತ್ತು. ಸದ್ಯ ಎಂದುಕೊಂಡಿದ್ದಳು.

“ಇದೆ” ಎಂದಳು. “ಮನೇಲಿದೆ. ನಾಳೆ ತರ್ತೀನಿ.”

ಶಿವರಾಮ್ ಮುಖ ಹತ್ತು ವರ್ಷ ಹಿಂದಕ್ಕೆ ಹೋಯಿತು. ಕಾಫಿ ಮಾಡಿ ತಂದರು, ಸಕ್ಕರೆ ಜಾಸ್ತಿಯಾಗಿತ್ತು. ತಮಗೆ ಶುಗರ್ ಬಂದ ಮೇಲೆ ಬೇರೆಯವರಿಗೆ ಎಷ್ಟು ಹಾಕಬೇಕೆಂಬ ಅಂದಾಜೇ ತಪ್ಪಿದೆ ಎಂದರು. ಯೂನಿಟ್ಟಿನ ಯಜಮಾನರು ಮಧ್ಯಾಹ್ನ ಕೂತಲ್ಲೇ ಗೊರಕೆ ಹೊಡೆಯುತ್ತಿದ್ದದ್ದು, ಇವಳು ಒಮ್ಮೆ ನಕ್ಷೆಯನ್ನು ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಅಚ್ಚುಹಾಕಿ ನಲವತ್ತು ಬೋರ್ಡು ಹಾಳಾದದ್ದು, ಅದನ್ನು ಶಿವರಾಮ್ ಯಜಮಾನರೆದುರು ತಮ್ಮ ತಪ್ಪೆಂದು ಹೇಳಿದ್ದು, ಎಲ್ಲ ಮಾತಿಗೆ ಬಂತು. “ನಿಮ್ ಮುಖ ನೋಡೋಕಾಗ್ತಿರ್ಲಿಲ್ಲ ಆವತ್ತು” ಎಂದರು. ಲತಾಮಣಿಗೆ ಇದು ಗೊತ್ತೇ ಇರಲಿಲ್ಲ. “ನಾಳೆ ಊಟಕ್ಕೇ ಬಂದ್ಬಿಡಿ. ಹೆಪ್ಪು ಹಾಕಿ, ನಾಡಿದ್ದು ಮೊಸರಾಗತ್ತಲ್ಲ, ನಾಡಿದ್ದೂ ಬನ್ನಿ. ಒಬ್ನೇ ಎಷ್ಟಂತ ತಿನ್ಲಿ.” ಒಂದು ಗಂಟೆ ಹೀಗೇ ಹೋಯಿತು. ಯಾರಾದರೂ ತನ್ನನ್ನು ನಾಳೆ ಬಾ, ನಾಡಿದ್ದು ಬಾ ಎಂದು ಕರೆದು ಎಷ್ಟು ಕಾಲವಾಯಿತೆಂದು ಅವಳು ಲೆಕ್ಕ ಹಾಕಲು ಹೋಗಲಿಲ್ಲ.

ಹೊರಡುವಾಗ ಶಿವರಾಮ್ ಸ್ಟೀಲ್ ಡಬ್ಬಿಯನ್ನು ಅವಳ ಕೈಗೆ ಕೊಟ್ಟರು. “ಇದ್ರಲ್ಲೇ ತನ್ನಿ.”

ಕ್ಯಾನನ್ನು ಮೇಜಿನ ಮೇ​ಲೇ ಬಿಟ್ಟು, ಡಬ್ಬಿಯನ್ನು ಖಾಲಿ ಬಕೆಟ್ಟಿನಲ್ಲಿಟ್ಟುಕೊಂಡು ಅವಳು ಇಳಿದಳು. ಒಂದೊಂದು ಮೆಟ್ಟಿಲಿಗೂ ಡಬ್ಬಿ ಠಣ್ ಎನ್ನುತ್ತಿತ್ತು. ದಾರಿಯಲ್ಲೇ ಅಂಗಡಿಯಿತ್ತು, ಅಂಗಡಿಯಲ್ಲಿ ಗಟ್ಟಿ ಮೊಸರಿತ್ತು. ಹಾಲಿಗೇನು, ಯಾರು ಕೊಟ್ಟದ್ದೆಂದು ಕೇಳುವುದಿಲ್ಲ, ಯಾವ ಹೆಪ್ಪಿಗಾದರೂ ಗಟ್ಟಿಯಾಗುತ್ತದೆ. ಶಿವರಾಮ್ ಅನ್ನಕ್ಕೆ ಕಲಸಿಕೊಂಡು, ಕಣ್ಣು ಮುಚ್ಚಿ, ಅಮ್ಮನದೇ ಎನ್ನುತ್ತಾರೆ. ಅವಳು ಎದುರಿಗೆ ಕೂತಿರುತ್ತಾಳೆ. ದಿನಾ ಹಾಗೆನ್ನುತ್ತಾರೆ, ದಿನಾ ಅವಳು ಕೂತಿರುತ್ತಾಳೆ.

ಕೊನೆಯ ಮೆಟ್ಟಿಲಿನ ಮೇಲೆ ನಿಂತಳು. ಆಮೇಲೆ ಅಷ್ಟೂ ಮೆಟ್ಟಿಲು ಮತ್ತೆ ಹತ್ತಿದಳು.

ಶಿವರಾಮ್ ಫೋಟೋದ ಮುಂದೆ ದೀಪ ಹಚ್ಚಿ ಆಗಷ್ಟೇ ತಿರುಗಿದ್ದರು. “ಏನ್ ಮರೆತ್ರಿ?”

“ಮೊಸರು ಇಲ್ಲ ಶಿವರಾಮ್.”

“ಅಂದ್ರೆ?”

“ಇಲ್ಲ. ಒಂಬತ್ತು ವರ್ಷ ಆಯ್ತು ಹೋಗಿ. ಅಪ್ಪ ಹೋದಾಗ ಊರಲ್ಲಿದ್ದೆ, ಬರೋಷ್ಟರಲ್ಲಿ ಕೆಟ್ಟಿತ್ತು. ಎಸೆದೆ. ಫೋನಲ್ಲಿ ಇದೆ ಅಂದಿದ್ದು ಇದನ್ನ ಅಂದ್ಕೊಂಡು. ಆಮೇಲೆ ಇಲ್ಲಿ ಕೂತು ಇದೆ ಅಂದಿದ್ದು...” ಡಬ್ಬಿಯನ್ನು ಮೇಜಿನ ಮೇಲಿಟ್ಟಳು.

ಶಿವರಾಮ್ ಡಬ್ಬಿಯನ್ನು ಕೈಗೆತ್ತಿಕೊಂಡರು. ಮುಚ್ಚಳ ತೆಗೆದು ಒಳಗೆ ನೋಡಿ ಮತ್ತೆ ಹಾಕಿದರು. “ಎಲ್ಲೂ ಇಲ್ಲ ಹಾಗಾದ್ರೆ” ಎಂದರು, ಅವಳಿಗಲ್ಲ. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು.

ಆಮೇಲೆ ಕ್ಯಾನನ್ನು ಎರಡು ಕೈಯಲ್ಲಿ ಎತ್ತಿ, ಮುಚ್ಚಳದ ತೂತು ಮೇಲಿದೆಯೇ ಎಂದು ನೋಡಿ, ಜೋಪಾನವಾಗಿ ಅವಳ ಬಕೆಟ್ಟಿನೊಳಗಿಟ್ಟರು. “ಇದು ನಂಗೆ ಬೇಡ. ಇಲ್ಲಿ ಚೆಲ್ಲೋ ಹಾಗೂ ಇಲ್ಲ.”

“ಗೊತ್ತು.”

“ಬಣ್ಣ ಚೆನ್ನಾಗಿದೆ. ಗಾಳೀಲೇ ತಿರುಗಿಸಿದ್ರಾ?”

“ಗಾಳೀಲೇ.”

ಶಿವರಾಮ್ ತಲೆಯಾಡಿಸಿದರು. ನಾಳೆಯ ಊಟದ ಮಾತು ಇಬ್ಬರ ನಡುವೆ ಹಾಗೇ ನಿಂತಿತ್ತು, ಅವರು ಬೇಡ ಎನ್ನಲಿಲ್ಲ, ಬನ್ನಿ ಎಂದು ಇನ್ನೊಮ್ಮೆ ಹೇಳಲೂ ಇಲ್ಲ. ಅವಳು ಚಪ್ಪಲಿ ಮೆಟ್ಟಿ, ಬಕೆಟ್ಟನ್ನು ಎಡಗೈಗೆ ಬದಲಿಸಿಕೊಂಡಳು.

“ಸರಿ ಶಿವರಾಮ್, ನಾನಿನ್ನು” ಎಂದವಳು, ಆ ಮಾತಿನ ಕೊನೆಗೆ ಎಲ್ಲರೂ ಸಲೀಸಾಗಿ ಆಡುವ ಒಂದೇ ಒಂದು ಪದವನ್ನು ನಾಲಿಗೆಯ ತುದಿಯಲ್ಲೇ ಹಿಡಿದು, ಒಳಗಿನ ಹಸಿರು ತುಳುಕದಂತೆ ನಿಧಾನವಾಗಿ ಮೆಟ್ಟಿಲಿಳಿದು, ಗೇಟು ದಾಟಿ, ಬಸ್ಸು ನಿಲ್ಲುವ ಕಡೆಗೆ ನಡೆದಳು.